ಸಿಗರೇಟು ಕೊಟ್ಟಿದ್ದೂ ಸರ್ಕಾರ, ಬಿಡಿ ಅಂದಿದ್ದೂ ಸರ್ಕಾರ: ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳ ಒಂದು ಪ್ರಕರಣ

2019ರ ಅಕ್ಟೋಬರ್ 1ರಂದು ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳಲ್ಲಿ ಹೊಸ ನಿಯಮವೊಂದು ಜಾರಿಗೆ ಬಂತು. ಕಟ್ಟಡದ ಒಳಗಷ್ಟೇ ಅಲ್ಲ, ಕಾಂಪೌಂಡಿನೊಳಗೆ ಎಲ್ಲೂ ಸಿಗರೇಟು ಸೇದುವಂತಿಲ್ಲ. ಪಾರ್ಕಿಂಗ್ ಜಾಗದಲ್ಲೂ ಇಲ್ಲ, ಮರದ ಕೆಳಗಿನ ಬೆಂಚಿನ ಮೇಲೂ ಇಲ್ಲ. ಚುರುಟು, ಪೈಪು, ಇ-ಸಿಗರೇಟು, ವೇಪ್ ಪೆನ್ನು (ಬ್ಯಾಟರಿಯಿಂದ ದ್ರವ ಕಾಯಿಸಿ ಆವಿ ಎಳೆಯುವ ಸಾಧನಗಳು) ಎಲ್ಲದಕ್ಕೂ ಇದೇ ನಿಯಮ. ರೋಗಿಗಳು, ನೋಡಲು ಬಂದವರು, ಗುತ್ತಿಗೆದಾರರು, ಸ್ವಯಂಸೇವಕರು ಎಲ್ಲರೂ ಇದನ್ನು ಪಾಲಿಸಬೇಕು. ಆಮೇಲೆ ನೌಕರರನ್ನೂ ಇದಕ್ಕೆ ಸೇರಿಸಿದರು.

ಆಸ್ಪತ್ರೆಯಲ್ಲಿ ಸಿಗರೇಟು ಬೇಡ ಅನ್ನೋದು ಸಹಜ ತಾನೇ, ಇದರಲ್ಲೇನು ವಿಶೇಷ ಅಂತ ಕೇಳಬಹುದು. ವಿಶೇಷ ಇದೆ. ಆ ದೇಶದಲ್ಲಿ ಆ ಹೊತ್ತಿಗೆ ಸಾವಿರಾರು ಆಸ್ಪತ್ರೆಗಳ ಆವರಣ ಹೊಗೆಮುಕ್ತ ಆಗಿತ್ತು. ಮಾಜಿ ಸೈನಿಕರ ಆಸ್ಪತ್ರೆಗಳು ಮಾತ್ರ ಹಿಂದೆ ಉಳಿದಿದ್ದವು. ಕಾರಣ ಅಲ್ಲಿನ ವೈದ್ಯರ ಅಸಡ್ಡೆ ಅಲ್ಲ. ರೋಗಿಗಳಿಗೆ ಸೇದಲು ಜಾಗ ಕೊಡಲೇಬೇಕು ಅಂತ ಸಂಸತ್ತೇ ಕಾನೂನು ಮಾಡಿತ್ತು. ಹಾಗೆ ಯಾಕೆ ಮಾಡಿತು ಅಂತ ತಿಳಿಯಬೇಕಾದರೆ ಯುದ್ಧಭೂಮಿಯ ಊಟದ ಪೆಟ್ಟಿಗೆ ತನಕ ಹೋಗಬೇಕು.

ಮೊದಲು ಈ ಸಂಸ್ಥೆ ಏನು ಅಂತ ಎರಡು ಮಾತು. ವೆಟರನ್ಸ್ ಅಫೇರ್ಸ್ ಇಲಾಖೆಯನ್ನು ಅಲ್ಲಿ ಎಲ್ಲರೂ ಚಿಕ್ಕದಾಗಿ ವಿಎ ಅಂತಾರೆ. ಸೈನ್ಯದಿಂದ ಹೊರಬಂದವರ ಚಿಕಿತ್ಸೆ, ಗಾಯದ ಪರಿಹಾರ, ಪಿಂಚಣಿ ಎಲ್ಲ ಇದರ ಕೈಯಲ್ಲಿ. ನಮ್ಮಲ್ಲಿ ಮಾಜಿ ಸೈನಿಕರಿಗೆ ಇಸಿಎಚ್‌ಎಸ್ ಅನ್ನುವ ಸರ್ಕಾರಿ ಆರೋಗ್ಯ ಯೋಜನೆ ಇದೆ ಅಲ್ವಾ, ಅದು ದೊಡ್ಡ ಚಿಕಿತ್ಸೆಗೆ ಹೆಚ್ಚಾಗಿ ಬೇರೆ ಆಸ್ಪತ್ರೆಗಳಿಗೆ ಕಳಿಸುತ್ತದೆ. ವಿಎಗೆ ಸ್ವಂತ ಆಸ್ಪತ್ರೆಗಳೇ ಸುಮಾರು 170. ಹೆಸರು ನೋಂದಾಯಿಸಿಕೊಂಡ ಮಾಜಿ ಸೈನಿಕರು ಸುಮಾರು 90 ಲಕ್ಷ.

ಡಬ್ಬಿ ಊಟದ ಜೊತೆ ನಾಲ್ಕು ಸಿಗರೇಟು

ವಿಯೆಟ್ನಾಂನಲ್ಲಿ ಹೋರಾಡಿದ ಅಮೆರಿಕದ ಸೈನಿಕನಿಗೆ ಕಾಡಿನಲ್ಲಿ ಸಿಗುತ್ತಿದ್ದ ಊಟ ಒಂದು ರಟ್ಟಿನ ಪೆಟ್ಟಿಗೆಯಲ್ಲಿ ಬರುತ್ತಿತ್ತು. ಅದರೊಳಗೆ ಮಾಂಸದ ಡಬ್ಬಿ, ಬಿಸ್ಕತ್ತಿನ ಡಬ್ಬಿ, ಹಣ್ಣಿನ ಡಬ್ಬಿ. ಜೊತೆಗೆ ಕಂದು ಬಣ್ಣದ ಒಂದು ಚಿಕ್ಕ ಪೊಟ್ಟಣ. ಅದನ್ನು ಹರಿದರೆ ಇನ್‌ಸ್ಟಂಟ್ ಕಾಫಿ ಪುಡಿ, ಸಕ್ಕರೆ, ಉಪ್ಪು, ಚೂಯಿಂಗ್ ಗಮ್, ಟಾಯ್ಲೆಟ್ ಪೇಪರ್, ಬೆಂಕಿಕಡ್ಡಿ, ಮತ್ತು ಪುಟ್ಟ ಪ್ಯಾಕಿನಲ್ಲಿ ನಾಲ್ಕು ಸಿಗರೇಟು. ವಿನ್‌ಸ್ಟನ್ ಬರಬಹುದು, ಸೇಲಂ ಬರಬಹುದು, ಪಾಲ್ ಮಾಲ್ ಬರಬಹುದು, ಬಂದಿದ್ದೇ ಪಾಲು. ಹೊತ್ತಿಗೆ ನಾಲ್ಕರಂತೆ ದಿನಕ್ಕೆ ಹನ್ನೆರಡು. ದುಡ್ಡು ಕೊಡಬೇಕಿಲ್ಲ, ಕೇಳಬೇಕಿಲ್ಲ, ಬೇಡ ಅಂದರೂ ಪೊಟ್ಟಣದಲ್ಲಿ ಇದ್ದೇ ಇರುತ್ತಿತ್ತು. ಸೇದದವನು ತನ್ನ ಪಾಲನ್ನು ಕೊಟ್ಟು ಹಣ್ಣಿನ ಡಬ್ಬಿ ತೆಗೆದುಕೊಳ್ಳುತ್ತಿದ್ದ. ಅಂದರೆ ಸೇದದವನ ಕೈಯಲ್ಲೂ ಸಿಗರೇಟು ಒಂಥರಾ ಚಿಲ್ಲರೆ ಕಾಸಿನ ಹಾಗೆ ಓಡಾಡುತ್ತಿತ್ತು.

ಇದು ವಿಯೆಟ್ನಾಂನಲ್ಲಿ ಶುರುವಾದದ್ದಲ್ಲ. ಎರಡನೇ ಮಹಾಯುದ್ಧದ ಕೆ-ರೇಷನ್ ಪೆಟ್ಟಿಗೆಯಲ್ಲೂ ಸಿಗರೇಟು ಇತ್ತು. ಯುದ್ಧ ಮುಗಿಯುವ ಹೊತ್ತಿಗೆ ಫ್ರಾನ್ಸಿನ ಲೆ ಹಾವ್ರ್ ಬಂದರಿನ ಸುತ್ತ ಅಮೆರಿಕ ಸೈನ್ಯದ ದೊಡ್ಡ ದೊಡ್ಡ ಶಿಬಿರಗಳು ಎದ್ದಿದ್ದವು. ಅವುಗಳ ಹೆಸರು ಕೇಳಿ: ಕ್ಯಾಂಪ್ ಲಕ್ಕಿ ಸ್ಟ್ರೈಕ್, ಕ್ಯಾಂಪ್ ಓಲ್ಡ್ ಗೋಲ್ಡ್, ಕ್ಯಾಂಪ್ ಫಿಲಿಪ್ ಮಾರಿಸ್. ಎಲ್ಲ ಸಿಗರೇಟಿನ ಹೆಸರೇ. ಅದೇ ಕಾಲದಲ್ಲಿ ಕ್ಯಾಮೆಲ್ ಸಿಗರೇಟಿನ ಕಂಪನಿ ತಾನು ಪ್ರಾಯೋಜಿಸುತ್ತಿದ್ದ ರೇಡಿಯೋ ಕಾರ್ಯಕ್ರಮಗಳಲ್ಲಿ, ಈ ವಾರ ಇಂಥಿಂಥ ಸೈನಿಕ ಆಸ್ಪತ್ರೆಗಳಿಗೆ ಉಚಿತವಾಗಿ ಸಿಗರೇಟು ಕಳಿಸಿದ್ದೇವೆ ಅಂತ ಹೆಮ್ಮೆಯಿಂದ ಹೇಳಿಸುತ್ತಿತ್ತು. ಗಾಯಗೊಂಡು ಹಾಸಿಗೆ ಹಿಡಿದವರಿಗೆ ಕಾಣಿಕೆ ಅಂದರೆ ಸಿಗರೇಟು!

1964ರ ಜನವರಿ 11ರಂದು ಅಮೆರಿಕದ ಸರ್ಜನ್ ಜನರಲ್, ಅಂದರೆ ಸರ್ಕಾರದ ಮುಖ್ಯ ಆರೋಗ್ಯಾಧಿಕಾರಿಯ, ವರದಿ ಬಂತು. ಧೂಮಪಾನದಿಂದ ಶ್ವಾಸಕೋಶದ ಕ್ಯಾನ್ಸರ್ ಬರುತ್ತದೆ ಅಂತ ಸರ್ಕಾರವೇ ಬಾಯಿಬಿಟ್ಟು ಹೇಳಿತು. ಆದರೂ ಊಟದ ಪೊಟ್ಟಣದಿಂದ ಸಿಗರೇಟು ಹೋಗಿದ್ದು 1975ರಲ್ಲಿ. ಗೊತ್ತಾದ ಮೇಲೂ ಹನ್ನೊಂದು ವರ್ಷ, ಅದೂ ಇಡೀ ವಿಯೆಟ್ನಾಂ ಯುದ್ಧದ ಉದ್ದಕ್ಕೂ, ಹತ್ತೊಂಬತ್ತು ಇಪ್ಪತ್ತರ ಹುಡುಗರಿಗೆ ಸರ್ಕಾರ ತಾನೇ ಕೈಯಾರೆ ಹಂಚಿತು. ಈ ಪ್ರಕರಣದಲ್ಲಿ ನನ್ನನ್ನು ಜಾಸ್ತಿ ಕಾಡುವುದು ಈ ಹನ್ನೊಂದು ವರ್ಷ. 1968ರಲ್ಲಿ ಹತ್ತೊಂಬತ್ತು ವರ್ಷದವನಾಗಿದ್ದ ಹುಡುಗನಿಗೆ 2019ರಲ್ಲಿ ಎಪ್ಪತ್ತು. ಹೊಸ ನಿಯಮದ ಬೋರ್ಡು ಬಿದ್ದಾಗ ವಿಎ ಆಸ್ಪತ್ರೆಯ ಸಾಲಿನಲ್ಲಿ ಕೂತಿದ್ದವರಲ್ಲಿ ಈ ವಯಸ್ಸಿನವರೇ ತುಂಬಾ ಜನ.

ಪೊಟ್ಟಣದಿಂದ ಹೋದರೂ ಸೈನ್ಯದಿಂದ ಹೋಗಲಿಲ್ಲ. ಮಿಲಿಟರಿ ಅಂಗಡಿಗಳಲ್ಲಿ ತೆರಿಗೆ ಇಲ್ಲದೆ ಅಗ್ಗವಾಗಿ ಸಿಗುತ್ತಿತ್ತು. ಕೆಲಸದ ನಡುವೆ ಬಿಡುವು ಅಂದರೆ ಸಿಗರೇಟಿನ ಬಿಡುವು. ಸೇದುವವನು ಹತ್ತು ನಿಮಿಷ ನಿಲ್ಲಬಹುದು, ಸೇದದವನು ಸುಮ್ನೆ ನಿಂತರೆ ಮೇಲಿನವರ ಕಣ್ಣಿಗೆ ಬೀಳುತ್ತಾನೆ. ಹಾಗಾಗಿ ಬಿಡುವಿಗೋಸ್ಕರ ಸೇದಲು ಕಲಿತವರೂ ಉಂಟು. 1980ರ ಸಮೀಕ್ಷೆಯಲ್ಲಿ ಸೇವೆಯಲ್ಲಿದ್ದವರ ಪೈಕಿ ನೂರಕ್ಕೆ 51 ಮಂದಿ ಸೇದುತ್ತಿದ್ದರು. 1986ರಿಂದ ರಕ್ಷಣಾ ಇಲಾಖೆ ಇದನ್ನು ತಗ್ಗಿಸುವ ಪ್ರಯತ್ನಕ್ಕೆ ಕೈಹಾಕಿತು. 1998ಕ್ಕೆ ಅದು ನೂರಕ್ಕೆ 29.9ಕ್ಕೆ ಇಳಿಯಿತು. 2002ರಲ್ಲಿ ಮತ್ತೆ 33.8ಕ್ಕೆ ಏರಿತು. ಅಷ್ಟರಲ್ಲಿ ಅಫ್ಘಾನಿಸ್ತಾನಕ್ಕೆ ಪಡೆಗಳು ಹೋಗಿದ್ದವು.

2009ರಲ್ಲಿ ಅಲ್ಲಿನ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್, ಸೈನ್ಯವನ್ನು ಹಂತಹಂತವಾಗಿ ತಂಬಾಕುಮುಕ್ತ ಮಾಡಿ ಅಂತ ಸಲಹೆ ಕೊಟ್ಟಿತು. ಯುದ್ಧದಲ್ಲಿರುವ ಸೈನಿಕರ ಮೇಲೆ ಇನ್ನಷ್ಟು ಒತ್ತಡ ಹಾಕುವುದಿಲ್ಲ, ಅವರಿಂದ ಸಿಗರೇಟು ಕಿತ್ತುಕೊಳ್ಳುವ ಯೋಚನೆ ರಕ್ಷಣಾ ಮಂತ್ರಿ ರಾಬರ್ಟ್ ಗೇಟ್ಸ್ ಅವರಿಗಿಲ್ಲ ಅಂತ ಪೆಂಟಗನ್ ವಕ್ತಾರರು ಹೇಳಿದರು. ಸಬ್‌ಮರೀನಿನೊಳಗೆ ಸೇದುವುದು ನಿಂತದ್ದೇ 2010ರ ಕೊನೆಗೆ. ಸಮುದ್ರದ ತಳದಲ್ಲಿ, ಕಿಟಕಿಯೇ ಇಲ್ಲದ ಉಕ್ಕಿನ ಕೊಳವೆಯಲ್ಲಿ, ಅಲ್ಲಿಯ ತನಕ ಸೇದುತ್ತಿದ್ದರು.

ಹೀಟರು, ಎಸಿ ಇರುವ ಸೇದುವ ಕೋಣೆ

ಈಗ ಆಸ್ಪತ್ರೆಗೆ ಬರೋಣ. 1991ರಲ್ಲಿ ವಿಎ ತನ್ನ ಆಸ್ಪತ್ರೆಗಳ ಒಳಗೆ ಧೂಮಪಾನ ನಿಲ್ಲಿಸಲು ಹೊರಟಿತು. ಮಾಜಿ ಸೈನಿಕರ ಕಡೆಯಿಂದ ದೂರುಗಳು ಬಂದವು. ಕಾಲಿಲ್ಲದವರು, ಗಾಲಿಕುರ್ಚಿಯಲ್ಲಿ ಇರುವವರು, ವರ್ಷಗಟ್ಟಲೆ ವಾರ್ಡಿನಲ್ಲೇ ಇರುವವರು ಚಳಿಗಾಲದ ಹಿಮದಲ್ಲಿ ಹೊರಗೆ ಹೋಗಿ ಸೇದಬೇಕಾ ಅನ್ನೋದು ಅವರ ಪ್ರಶ್ನೆ. ಮರುವರ್ಷ, 1992ರಲ್ಲಿ, ಸಂಸತ್ತು ಮಾಜಿ ಸೈನಿಕರ ಆರೋಗ್ಯ ಕಾಯ್ದೆಯಲ್ಲಿ ಒಂದು ಕಲಮು ಸೇರಿಸಿತು. ಸೇದಬೇಕು ಅನ್ನುವ ರೋಗಿಗಳಿಗೆ ಪ್ರತಿ ಆಸ್ಪತ್ರೆಯೂ ತಕ್ಕ ಜಾಗ ಕೊಡಬೇಕು, ಒಳಗಾದರೂ ಸರಿ, ಪಕ್ಕದ ಬೇರೆ ಕಟ್ಟಡವಾದರೂ ಸರಿ. ಅಲ್ಲಿಗೆ ಹೋಗಲು ರೋಗಿಗೆ ತೊಂದರೆ ಆಗಬಾರದು. ಚಳಿಗೆ ಹೀಟರು, ಸೆಖೆಗೆ ಎಸಿ ಇರಬೇಕು.

ಶ್ವಾಸಕೋಶದ ವಾರ್ಡಿನ ಪಕ್ಕದಲ್ಲೇ ಸರ್ಕಾರದ ದುಡ್ಡಲ್ಲಿ ಎಸಿ ಹಾಕಿದ ಸೇದುವ ಕೋಣೆ. ಓದಿದರೆ ಸಿಟ್ಟು ಬರುತ್ತದೆ. ಆದರೆ ಆ ಬೇಡಿಕೆ ಇಟ್ಟವರ ಜಾಗದಲ್ಲಿ ನಿಂತು ನೋಡಿದರೆ ಅದರಲ್ಲೂ ಒಂದು ನ್ಯಾಯ ಕಾಣುತ್ತದೆ. ನೀವೇ ಕೊಟ್ಟಿರಿ, ನೀವೇ ಚಟ ಹತ್ತಿಸಿದಿರಿ, ಈಗ ಮೈಯಲ್ಲಿ ಶಕ್ತಿ ಇಲ್ಲದ ಹೊತ್ತಲ್ಲಿ ಹೊರಗೆ ಹಿಮದಲ್ಲಿ ನಿಲ್ಲು ಅಂತೀರಾ? ಈ ಮಾತಿಗೆ ಸಂಸತ್ತಿನಲ್ಲಿ ಕೂತವರಿಗೆ ಉತ್ತರ ಇರಲಿಲ್ಲ. ಚಟ ಬಿಡಿಸಲು ಬೇಕಾದ ಶ್ರಮ, ಹಣ, ಸಮಯಕ್ಕಿಂತ ಒಂದು ಕೋಣೆ ಕಟ್ಟಿಸುವುದು ಅವರಿಗೆ ಸುಲಭವಾಯಿತು.

ಅದೇ ಸಂಸತ್ತು ಆರು ವರ್ಷದ ಮೇಲೆ ಏನು ಮಾಡಿತು ನೋಡಿ. ಸೇವೆಯಲ್ಲಿದ್ದಾಗ ಶುರುವಾದ ತಂಬಾಕಿನಿಂದ ರೋಗ ಬಂದರೆ ಅದನ್ನೂ ಸೇವೆಗೆ ಸಂಬಂಧಪಟ್ಟ ರೋಗ ಅಂತ ಪರಿಗಣಿಸಬಹುದು ಅಂತ ವಿಎಯ ಕಾನೂನು ವಿಭಾಗ 1993ರಲ್ಲಿ ಅಭಿಪ್ರಾಯ ಕೊಟ್ಟಿತ್ತು. ಅಂದರೆ ಪರಿಹಾರಕ್ಕೆ ಅರ್ಜಿ ಹಾಕಬಹುದು. ಖರ್ಚು ಎಷ್ಟಾಗಬಹುದು ಅಂತ ಲೆಕ್ಕ ಹಾಕಿದಾಗ ಎಲ್ಲರೂ ಬೆಚ್ಚಿದರು. 1998ರಲ್ಲಿ ಸಂಸತ್ತು ಬಾಗಿಲು ಹಾಕಿತು. ಆ ವರ್ಷ ಜೂನ್ 9ರ ನಂತರ ಹಾಕಿದ ಅರ್ಜಿಗಳಲ್ಲಿ, ಸೇವೆಯಲ್ಲಿದ್ದಾಗ ತಂಬಾಕು ಬಳಸಿದ್ದರಿಂದ ರೋಗ ಬಂತು ಅನ್ನುವ ಕಾರಣಕ್ಕೆ ಪರಿಹಾರ ಸಿಗುವುದಿಲ್ಲ. ಸೇವೆಯಲ್ಲಿದ್ದಾಗಲೇ ರೋಗ ಕಾಣಿಸಿಕೊಂಡಿದ್ದರೆ ಬೇರೆ ಮಾತು. ಈ ಬದಲಾವಣೆ ಸೇರಿಕೊಂಡಿದ್ದು ಹೆದ್ದಾರಿಗಳಿಗೆ ಹಣ ಕೊಡುವ ಮಸೂದೆಯಲ್ಲಿ. ಸೈನಿಕರ ಪರಿಹಾರದಲ್ಲಿ ಉಳಿಸಿದ ದುಡ್ಡಿನ ಲೆಕ್ಕವನ್ನು ರಸ್ತೆ ಖರ್ಚಿನ ಎದುರು ಬರೆದರು.

ಇದರಿಂದ ಒಂದು ವಿಚಿತ್ರ ಪರಿಸ್ಥಿತಿ ಹುಟ್ಟಿತು. ವಿಯೆಟ್ನಾಂಗೆ ಹೋಗಿಬಂದವನಿಗೆ ಶ್ವಾಸಕೋಶದ ಕ್ಯಾನ್ಸರ್ ಬಂದರೆ ಪರಿಹಾರ ಸಿಗುತ್ತದೆ, ಅವನು ಜೀವಮಾನವೆಲ್ಲ ಸೇದಿದ್ದರೂ ಸಿಗುತ್ತದೆ. ಆದರೆ ಕಾರಣದ ಜಾಗದಲ್ಲಿ ಏಜೆಂಟ್ ಆರೆಂಜ್ ಅಂತ ಇರುತ್ತದೆ. ಅದು ಕಾಡಿನ ಮರಗಳ ಎಲೆ ಉದುರಿಸಲು ವಿಮಾನದಿಂದ ಸಿಂಪಡಿಸಿದ ರಾಸಾಯನಿಕ. ಅದು ತಗುಲಿದ್ದರಿಂದ ಈ ಕ್ಯಾನ್ಸರ್ ಬಂತು ಅಂತ ಕಾನೂನೇ ಊಹಿಸಿಕೊಳ್ಳುತ್ತದೆ. ಅದೇ ಕಾಡಿನಲ್ಲಿ, ಅದೇ ಸರ್ಕಾರ, ಅದೇ ಹುಡುಗನಿಗೆ ದಿನಕ್ಕೆ ಹನ್ನೆರಡು ಸಿಗರೇಟು ಕೊಟ್ಟಿದ್ದು ಕಾಗದದಲ್ಲಿ ಎಲ್ಲೂ ಬರುವುದಿಲ್ಲ. ಯುದ್ಧ ಇಲ್ಲದ ಕಡೆ ಸೇವೆ ಮಾಡಿ, ಸೈನ್ಯದಲ್ಲೇ ಸೇದಲು ಕಲಿತವನಿಗೆ ಆ ದಾರಿಯೂ ಇಲ್ಲ. ಸೇದೋದು ನಿನ್ನ ಸ್ವಂತ ಇಷ್ಟವಾಗಿತ್ತು ಅಂತ ಕಾನೂನು ಅವನಿಗೆ ಹೇಳುತ್ತದೆ. ನನ್ನ ಮಟ್ಟಿಗೆ ಇಡೀ ಪ್ರಕರಣದಲ್ಲಿ ಎಲ್ಲಕ್ಕಿಂತ ದೊಡ್ಡ ಅನ್ಯಾಯ ಇದೇ. ಎಸಿ ಕೋಣೆಯ ಕಾನೂನನ್ನಾದರೂ ಅರ್ಥ ಮಾಡಿಕೊಳ್ಳಬಹುದು, ಇದನ್ನಲ್ಲ.

ಆ ಕಟ್ಟೆಯಲ್ಲಿ ಏನಿತ್ತು

ಕಾಲ ಕಳೆದಂತೆ ಒಳಗಿನ ಸೇದುವ ಕೋಣೆಗಳು ಹೆಚ್ಚಿನ ಕಡೆ ಹೊರಗೆ ಬಂದವು. ಬಸ್ ಸ್ಟಾಪಿನ ಥರದ ಒಂದು ಶೆಡ್ಡು, ಮೂರು ಕಡೆ ಪಾರದರ್ಶಕ ಗೋಡೆ, ಒಳಗೆ ಬೆಂಚು, ಬೂದಿ ಹಾಕುವ ಡಬ್ಬ. ಗಾಲಿಕುರ್ಚಿಗಳು ಸಾಲಾಗಿ ನಿಲ್ಲುತ್ತಿದ್ದವು. ಹೊರಗಿನಿಂದ ನೋಡಿದವರಿಗೆ ಅದು ಹೊಗೆ ತುಂಬಿದ ಗೂಡು. ಒಳಗೆ ಕೂತವರಿಗೆ ಅದು ಊರ ಅರಳಿಕಟ್ಟೆ. ಯಾವ ಪಡೆ, ಯಾವ ವರ್ಷ, ಎಲ್ಲಿದ್ದೆ ಅಂತ ಕೇಳಿಕೊಂಡು ಮಾತು ಶುರುವಾಗುತ್ತಿತ್ತು. ಮನೆಯಲ್ಲಿ ಹೆಂಡತಿ ಮಕ್ಕಳ ಎದುರು ಬಾಯಿಬಿಡದ ಸಂಗತಿಗಳು ಅಲ್ಲಿ ಹೊರಗೆ ಬರುತ್ತಿದ್ದವು. ಪರಿಹಾರದ ಅರ್ಜಿ ಹೇಗೆ ತುಂಬಬೇಕು, ಯಾವ ಡಾಕ್ಟರು ಮಾತು ಕೇಳಿಸಿಕೊಳ್ಳುತ್ತಾರೆ ಅನ್ನೋದೂ ಅಲ್ಲೇ ಗೊತ್ತಾಗುತ್ತಿತ್ತು.

ಮಾಜಿ ಸೈನಿಕರು ತಂಬಾಕಿನ ಬಗ್ಗೆ ಹೇಗೆ ಯೋಚಿಸುತ್ತಾರೆ ಅನ್ನೋ ಪ್ರಶ್ನೆಗೆ ಉತ್ತರದ ಮುಕ್ಕಾಲು ಪಾಲು ಇಲ್ಲಿದೆ ಅಂತ ನನಗೆ ಅನ್ನಿಸುತ್ತದೆ. ಕೆಟ್ಟದ್ದು ಅಂತ ಅವರಿಗೆ ಗೊತ್ತಿಲ್ಲದೆ ಇಲ್ಲ. ಪ್ಯಾಕಿನ ಮೇಲೆ ಬರೆದಿರುತ್ತದೆ, ಡಾಕ್ಟರು ಹೇಳಿರುತ್ತಾರೆ, ಜೊತೆಗಾರರು ಸತ್ತಿದ್ದನ್ನು ಕಣ್ಣಾರೆ ಕಂಡಿರುತ್ತಾರೆ. ಆದರೆ ಅವರ ಪಾಲಿಗೆ ಸಿಗರೇಟು ಅಂದರೆ ಜೊತೆಗಾರಿಕೆ, ಕಾವಲಿನ ರಾತ್ರಿ, ಗುಂಡಿನ ಸದ್ದು ನಿಂತ ಮೇಲಿನ ಐದು ನಿಮಿಷ. ಅಂಥವರಿಗೆ ಬರೀ ಕ್ಯಾನ್ಸರಿನ ಚಿತ್ರ ತೋರಿಸಿದರೆ ಏನೂ ಆಗುವುದಿಲ್ಲ. ಸಾವಿನ ಹೆದರಿಕೆ ಹುಟ್ಟಿಸಲು ಅವರು ತೀರಾ ತಪ್ಪು ಜನ.

ಇದಕ್ಕಿಂತ ಗಟ್ಟಿಯಾದ ಇನ್ನೊಂದು ನಂಬಿಕೆ ಇದೆ: ಸಿಗರೇಟು ಬಿಟ್ಟರೆ ತಲೆ ಕೆಡುತ್ತದೆ. ಯುದ್ಧದ ಆಘಾತದಿಂದ ನಿದ್ದೆ ಬಾರದೆ, ಬೆಚ್ಚಿಬಿದ್ದು ಏಳುವವರಲ್ಲಿ ಸೇದುವವರ ಪ್ರಮಾಣ ಜಾಸ್ತಿ. ಅವರ ಡಾಕ್ಟರುಗಳೂ ಬಹಳ ಕಾಲ ಹೀಗೇ ಅಂದುಕೊಂಡಿದ್ದರು. ಪಾಪ, ಇರುವ ಸಂಕಟವೇ ಸಾಕು, ಸಿಗರೇಟೊಂದು ಇರಲಿ ಬಿಡಿ. ಇದು ಸರಿಯಾ ಅಂತ ವಿಎ ತನ್ನ ಹತ್ತು ಕೇಂದ್ರಗಳಲ್ಲಿ ಪರೀಕ್ಷೆ ಮಾಡಿ ನೋಡಿತು. ಆಘಾತದ ಚಿಕಿತ್ಸೆಯಲ್ಲಿದ್ದ, ಸಿಗರೇಟು ಸೇದುವ 943 ಮಾಜಿ ಸೈನಿಕರನ್ನು ಎರಡು ಗುಂಪು ಮಾಡಿದರು. ಒಂದು ಗುಂಪನ್ನು ಸಿಗರೇಟು ಬಿಡಿಸುವ ಬೇರೆ ಕ್ಲಿನಿಕ್‌ಗೆ ಕಳಿಸಿದರು. ಇನ್ನೊಂದು ಗುಂಪಿಗೆ ಅವರ ಆಘಾತಕ್ಕೆ ಚಿಕಿತ್ಸೆ ಕೊಡುತ್ತಿದ್ದವರೇ, ಅದೇ ಕೋಣೆಯಲ್ಲಿ, ಸಿಗರೇಟು ಬಿಡಿಸಲೂ ಕೂತರು. 2010ರಲ್ಲಿ ಫಲಿತಾಂಶ ಪ್ರಕಟವಾಯಿತು. ದೀರ್ಘಕಾಲ ಸೇದದೆ ಉಳಿದವರು ಮೊದಲ ಗುಂಪಿನಲ್ಲಿ ನೂರಕ್ಕೆ 4.5, ಎರಡನೆಯದರಲ್ಲಿ 8.9. ಬಿಟ್ಟವರ ಆಘಾತದ ಲಕ್ಷಣಗಳು ಕೆಡಲಿಲ್ಲ.

ಎರಡೂ ಸಂಖ್ಯೆ ಚಿಕ್ಕದೇ. ನೂರಕ್ಕೆ ಒಂಬತ್ತು ಅಂದರೆ ಉಳಿದ 91 ಮಂದಿ ಇನ್ನೂ ಸೇದುತ್ತಿದ್ದಾರೆ ಅಂತ. ಇಷ್ಟು ಹಳೆಯ, ಇಷ್ಟು ಆಳದ ಚಟ ಇಷ್ಟು ಕಷ್ಟ ಅಂತ ಒಪ್ಪಿಕೊಳ್ಳಬೇಕು. ಆದರೆ ಅದೇ ಪರಿಚಯದ ಮುಖ, ಅದೇ ಕೋಣೆ ಅಂದಾಗ ಬಿಟ್ಟವರು ಎರಡು ಪಟ್ಟು ಆದರು ಅನ್ನೋದನ್ನು ಗಮನಿಸಿ. ಸೈನಿಕನನ್ನು ಕೌಂಟರಿನಿಂದ ಕೌಂಟರಿಗೆ ಓಡಾಡಿಸಬೇಡಿ, ಅವನು ನಂಬಿದವನ ಕೈಯಲ್ಲೇ ಬಿಡಿಸಿ. ಇಷ್ಟು ಸರಳ ವಿಷಯ.

ವಿಎ ಇದನ್ನು ಸ್ವಲ್ಪ ಮಟ್ಟಿಗೆ ಕಲಿತಿತ್ತು ಅನ್ನಬೇಕು. ಸಿಗರೇಟು ಬಿಡುವ ಸಮಾಲೋಚನೆಗೆ ರೋಗಿ ಕೈಯಿಂದ ಕೊಡಬೇಕಿದ್ದ ಶುಲ್ಕವನ್ನು 2005ರಲ್ಲೇ ತೆಗೆದುಹಾಕಿತ್ತು. ನಿಕೋಟಿನ್ ಪ್ಯಾಚ್, ಗಮ್, ಬುಪ್ರೊಪಿಯಾನ್, ವರೆನಿಕ್ಲಿನ್ ಮಾತ್ರೆ ಎಲ್ಲ ಸಿಗುತ್ತಿತ್ತು. 2013ರಿಂದ ಮಾಜಿ ಸೈನಿಕರಿಗೇ ಅಂತ ಒಂದು ಫೋನ್ ಸಹಾಯವಾಣಿ, ಜೊತೆಗೆ ಮೊಬೈಲಿಗೆ ಮೆಸೇಜ್ ಕಳಿಸುತ್ತಾ ಹುರಿದುಂಬಿಸುವ ವ್ಯವಸ್ಥೆ. ವಿಎಯಲ್ಲಿ ನೋಂದಾಯಿಸಿಕೊಂಡವರಲ್ಲಿ 1999ರಲ್ಲಿ ಸುಮಾರು ಮೂರರಲ್ಲಿ ಒಬ್ಬರು ಸೇದುತ್ತಿದ್ದರು. 2018ರ ಹೊತ್ತಿಗೆ ಅದು ನೂರಕ್ಕೆ 13ರ ಆಸುಪಾಸಿಗೆ ಇಳಿದಿತ್ತು. 2019ರ ನಿಯಮ ಬರುವ ಮೊದಲೇ ಆದ ಇಳಿಕೆ ಇದು. ಇದಕ್ಕೇ ನಾನು ಹೇಳೋದು, ಬೋರ್ಡಿಗಿಂತ ಮುಂಚೆ ಮಾತ್ರೆ ಮತ್ತು ಮಾತು ಬಂದಿದ್ದರಿಂದ ಆ ಬೋರ್ಡು ನಿಂತಿತು. 1991ರಲ್ಲಿ ಬೋರ್ಡು ಮೊದಲು ಬಂತು, ಒಂದೇ ವರ್ಷದಲ್ಲಿ ಸಂಸತ್ತು ಅದನ್ನು ಉಲ್ಟಾ ಮಾಡಿತು.

ಆದರೆ ಇದು ವಿಎಗೆ ಬರುವವರ ಲೆಕ್ಕ. ಎಲ್ಲ ಮಾಜಿ ಸೈನಿಕರೂ ಅಲ್ಲಿಗೆ ಬರುವುದಿಲ್ಲ. 2010ರಿಂದ 2015ರ ಮಾಹಿತಿ ಇಟ್ಟುಕೊಂಡು ಅಲ್ಲಿನ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 2018ರಲ್ಲಿ ಪ್ರಕಟಿಸಿದ ವರದಿ ಪ್ರಕಾರ ಒಟ್ಟು ಮಾಜಿ ಸೈನಿಕರಲ್ಲಿ ನೂರಕ್ಕೆ 29.2 ಮಂದಿ ಯಾವುದಾದರೂ ಒಂದು ಥರದ ತಂಬಾಕು ಬಳಸುತ್ತಿದ್ದರು. ಬರೀ ಸಿಗರೇಟೇ ನೂರಕ್ಕೆ 21.6. ಸೈನ್ಯದಿಂದ ಹೊಸದಾಗಿ ಹೊರಬಂದ, 25 ದಾಟದ ಹುಡುಗರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ. ಊಟದ ಪೊಟ್ಟಣದ ಸಿಗರೇಟನ್ನು ನೋಡಿಯೇ ಇರದ ಪೀಳಿಗೆ ಇದು. ಇದೇ ವರದಿ ಹೇಳುವ ಹಾಗೆ 2010ರ ಒಂದೇ ವರ್ಷ ಧೂಮಪಾನದಿಂದ ಬಂದ ರೋಗಗಳಿಗೆ ವಿಎ ಖರ್ಚು ಮಾಡಿದ್ದು ಅಂದಾಜು 270 ಕೋಟಿ ಡಾಲರ್.

ಮತ್ತೆ ಆ ಲೆಕ್ಕದಲ್ಲಿ ವೇಪ್ ಇರಲೇ ಇಲ್ಲ.

ವೇಪ್ ಬಂದ ಮೇಲೆ

ಹಳಬರಿಗೆ ಸಿಗರೇಟು ಹೇಗೋ ಇರಾಕ್, ಅಫ್ಘಾನಿಸ್ತಾನಕ್ಕೆ ಹೋಗಿಬಂದ ಪೀಳಿಗೆಯ ಕಿರಿಯರಿಗೆ ವೇಪ್ ಹಾಗೆ. ಅವರ ಮಾತಲ್ಲಿ ಅದಕ್ಕೆ ಕೊಡುವ ಕಾರಣಗಳು ಬೇರೆ. ವಾಸನೆ ಇಲ್ಲ, ಬಟ್ಟೆಗೆ ಹಿಡಿಯುವುದಿಲ್ಲ, ಮನೆಯಲ್ಲಿ ಮಗು ಇದ್ದರೂ ಪರವಾಗಿಲ್ಲ, ಬೆಳಗ್ಗೆ ಕೆಮ್ಮು ಇಲ್ಲ, ಖರ್ಚೂ ಕಡಿಮೆ, ಮತ್ತು ಮುಖ್ಯವಾಗಿ, ಸಿಗರೇಟು ಬಿಡಲು ಇದೇ ದಾರಿ. ಹಿರಿಯರಲ್ಲಿ ಕೆಲವರು ಇದನ್ನು ಒಪ್ಪುತ್ತಾರೆ. ಇನ್ನು ಕೆಲವರಿಗೆ ಅದರ ಮೇಲೆ ಸಿಗರೇಟಿಗಿಂತ ಜಾಸ್ತಿ ಅನುಮಾನ. ಸಿಗರೇಟಲ್ಲಿ ಏನಿದೆ ಅಂತ ಗೊತ್ತು, ಈ ಬ್ಯಾಟರಿ ಕೊಳವೆಯೊಳಗೆ ಯಾರು ಏನು ತುಂಬಿದ್ದಾರೋ ಅನ್ನೋದು ಅವರ ಮಾತು.

ಬ್ಯಾಟರಿ ಬಗ್ಗೆ ಅವರಿಗೆ ಇರುವ ಭಯ ಹುಸಿಯಲ್ಲ. ಹಡಗುಗಳಲ್ಲಿ ಇ-ಸಿಗರೇಟಿನ ಬ್ಯಾಟರಿ ಸಿಡಿದ ಘಟನೆಗಳಿಂದಾಗಿಯೇ ಅಮೆರಿಕದ ನೌಕಾಪಡೆ 2017ರ ಮೇ ತಿಂಗಳಿಂದ ಹಡಗು, ವಿಮಾನಗಳಲ್ಲಿ ಅದನ್ನು ನಿಲ್ಲಿಸಿತು.

ವಿಎ ನಿಯಮ ಬಂದ ಸಮಯವನ್ನೂ ನೋಡಬೇಕು. ಜೂನ್‌ನಲ್ಲಿ ಘೋಷಣೆ ಆಯಿತು, ಅಕ್ಟೋಬರಿನಲ್ಲಿ ಜಾರಿ. ನಡುವೆ ಆಗಸ್ಟ್, ಸೆಪ್ಟೆಂಬರಿನಲ್ಲಿ ವೇಪ್ ಮಾಡಿದವರು ಉಸಿರಾಟದ ತೊಂದರೆಯಿಂದ ಸಾಲುಸಾಲಾಗಿ ಆಸ್ಪತ್ರೆ ಸೇರಲು ಶುರುವಾಯಿತು. 2020ರ ಫೆಬ್ರವರಿ ಹೊತ್ತಿಗೆ 2,807 ಪ್ರಕರಣ, 68 ಸಾವು. ಹೆಚ್ಚಿನವರು ಎಳೆದಿದ್ದು ಗಾಂಜಾದ ಸತ್ವ ಇರುವ ದ್ರವ, ಅದರಲ್ಲಿ ಬೆರೆಸಿದ್ದ ವಿಟಮಿನ್ ಇ ಅಸಿಟೇಟ್ ಮುಖ್ಯ ಕಾರಣ ಅಂತ ಆಮೇಲೆ ಗೊತ್ತಾಯಿತು. ಮಾಮೂಲಿ ನಿಕೋಟಿನ್ ವೇಪ್ ಬೇರೆ, ಇದು ಬೇರೆ. ಆದರೆ ಟಿವಿ ನೋಡಿದವರ ತಲೆಯಲ್ಲಿ ಉಳಿದಿದ್ದು ಒಂದೇ, ವೇಪ್ ಅಂದರೆ ಸಾವು. ಒಬ್ಬ ಮಾಜಿ ಸೈನಿಕ ಮೂವತ್ತು ವರ್ಷದ ಸಿಗರೇಟು ಬಿಟ್ಟು ವೇಪ್‌ಗೆ ಬಂದಿದ್ದಾನೆ ಅಂದುಕೊಳ್ಳಿ. ಸುದ್ದಿ ನೋಡಿ ಹೆದರಿ ಮತ್ತೆ ಸಿಗರೇಟಿಗೆ ಹೋದರೆ ಅವನಿಗೆ ಒಳ್ಳೆಯದಾಯಿತಾ?

ಹಾಗಾದರೆ ನಿಜ ಏನು? 2019ರಲ್ಲೇ ಬ್ರಿಟನ್ನಿನ ಒಂದು ದೊಡ್ಡ ಪರೀಕ್ಷೆಯ ಫಲಿತಾಂಶ ಬಂದಿತ್ತು. ಸಿಗರೇಟು ಬಿಡಲು ಬಂದವರಿಗೆ ಅರ್ಧ ಜನಕ್ಕೆ ಇ-ಸಿಗರೇಟು, ಉಳಿದವರಿಗೆ ಪ್ಯಾಚು, ಗಮ್ಮಿನಂಥವು ಕೊಟ್ಟರು, ಇಬ್ಬರಿಗೂ ಸಮಾಲೋಚನೆ ಇತ್ತು. ಒಂದು ವರ್ಷದ ಮೇಲೆ ಸಿಗರೇಟು ಬಿಟ್ಟು ಉಳಿದವರು ಮೊದಲ ಗುಂಪಿನಲ್ಲಿ ನೂರಕ್ಕೆ 18, ಎರಡನೆಯದರಲ್ಲಿ 9.9. ಇದನ್ನೇ ಹಿಡಿದುಕೊಂಡು ವೇಪ್ ಒಳ್ಳೆಯದು ಅನ್ನುವವರಿದ್ದಾರೆ. ಆದರೆ ಅದೇ ಪರೀಕ್ಷೆಯ ಇನ್ನೊಂದು ಸಂಖ್ಯೆ ಇದೆ. ಇ-ಸಿಗರೇಟಿನಿಂದ ಬಿಟ್ಟವರಲ್ಲಿ ನೂರಕ್ಕೆ 80 ಮಂದಿ ವರ್ಷದ ಮೇಲೂ ಇ-ಸಿಗರೇಟು ಎಳೆಯುತ್ತಲೇ ಇದ್ದರು. ಪ್ಯಾಚು, ಗಮ್ಮು ಬಳಸಿ ಬಿಟ್ಟವರಲ್ಲಿ ಇನ್ನೂ ಅವನ್ನು ಬಳಸುತ್ತಿದ್ದವರು ನೂರಕ್ಕೆ 9 ಮಾತ್ರ. ಹೊಗೆ ಹೋಯಿತು, ನಿಕೋಟಿನ್ ಉಳಿಯಿತು.

ಇದಕ್ಕಿಂತ ಕೆಟ್ಟದ್ದು ಎರಡನ್ನೂ ಬಳಸುವುದು. ಸೇದುವಂಥ ಕಡೆ ಸಿಗರೇಟು, ಸೇದಬಾರದ ಕಡೆ ಕಿಸೆಯಿಂದ ವೇಪ್. ಹೀಗೆ ಮಾಡುವವನು ತಾನು ಕಡಿಮೆ ಮಾಡಿದ್ದೇನೆ ಅಂತ ನಂಬಿರುತ್ತಾನೆ. ಮೈಗೆ ಬರುವ ನಿಕೋಟಿನ್ ಕಡಿಮೆ ಆಗಿರುವುದಿಲ್ಲ, ಹೃದಯಕ್ಕೆ ಹೊಗೆಯ ಕಾಟವೂ ತಪ್ಪಿರುವುದಿಲ್ಲ.

ವಿಎ ನಿಯಮದಲ್ಲಿ ವೇಪ್ ಮತ್ತು ಸಿಗರೇಟು ಒಂದೇ ಸಾಲಿನಲ್ಲಿವೆ. ಆಸ್ಪತ್ರೆಯ ಆವರಣಕ್ಕೆ ಸಂಬಂಧಿಸಿದಂತೆ ಇದು ಸರಿ. ಪಕ್ಕದಲ್ಲಿ ಆಕ್ಸಿಜನ್ ಹಾಕಿಕೊಂಡವರು ಇರುತ್ತಾರೆ, ಉಸಿರಾಟದ ರೋಗಿಗಳು ಇರುತ್ತಾರೆ. ಆದರೆ ಗೇಟಿನ ಬೋರ್ಡು ಹೇಳುವುದನ್ನೇ ಡಾಕ್ಟರು ಕೋಣೆಯೊಳಗೂ ಹೇಳಿದರೆ ತಪ್ಪಾಗುತ್ತದೆ. ಎರಡೂ ಒಂದೇ ಅಂತ ಹೇಳಿದರೆ ವೇಪ್‌ನಿಂದ ಕೆಮ್ಮು ನಿಂತವನು ಆ ಡಾಕ್ಟರನ್ನು ನಂಬುವುದನ್ನೇ ಬಿಡುತ್ತಾನೆ. ಏನೂ ಆಗುವುದಿಲ್ಲ ಅಂದರೆ ಅದು ಸುಳ್ಳು. ಸಿಗರೇಟಿಗಿಂತ ಹೊಗೆಯ ವಿಷ ಕಡಿಮೆ, ಆದರೆ ಚಟ ಅದೇ, ದೂರದ ಪರಿಣಾಮ ಪೂರ್ತಿ ಗೊತ್ತಾಗುವಷ್ಟು ಕಾಲ ಇನ್ನೂ ಆಗಿಲ್ಲ, ಸಿಗರೇಟು ಪೂರ್ತಿ ಬಿಟ್ಟರೆ ಮಾತ್ರ ಅದರಿಂದ ಲಾಭ, ಆಮೇಲೆ ಅದನ್ನೂ ಬಿಡಬೇಕು. ಇಷ್ಟು ಉದ್ದ ಹೇಳಲು ಸಮಯ ಬೇಕು. ಹಿಂದೊಮ್ಮೆ ಸರ್ಕಾರದಿಂದ ಮೋಸ ಹೋದವನ ಎದುರು ಕೂತು ಹೇಳುವಾಗ ಅಷ್ಟು ಸಮಯ ಕೊಡಲೇಬೇಕು.

ನಮ್ಮ ಕಡೆ

ವಿಎ ನಿಯಮ ಜಾರಿಗೆ ಬರುವ ಸುಮಾರು ಎರಡು ವಾರ ಮುಂಚೆ, 2019ರ ಸೆಪ್ಟೆಂಬರ್ 18ರಂದು, ಭಾರತ ಸರ್ಕಾರ ಸುಗ್ರೀವಾಜ್ಞೆಯಿಂದ ಇ-ಸಿಗರೇಟನ್ನೇ ನಿಷೇಧಿಸಿತು. ತಯಾರಿಕೆ, ಆಮದು, ಮಾರಾಟ, ಜಾಹೀರಾತು ಎಲ್ಲ ಅಪರಾಧ. ಕರ್ನಾಟಕ 2016ರಲ್ಲೇ ನಿಷೇಧ ಹಾಕಿತ್ತು. ಹಾಗಾಗಿ ನಮ್ಮ ಮಾಜಿ ಸೈನಿಕರ ಕಿಸೆಯಲ್ಲಿ ವೇಪ್ ಅಪರೂಪ. ಇದ್ದರೂ ಅದು ಹೊರದೇಶದಿಂದ ಬಂದವರ ಬ್ಯಾಗಿನಿಂದಲೋ ಕದ್ದುಮುಚ್ಚಿ ಮಾರುವವರಿಂದಲೋ ಬಂದಿರುತ್ತದೆ. ಅದರೊಳಗೆ ಏನಿದೆ ಅಂತ ನೋಡುವವರು ಯಾರೂ ಇಲ್ಲ. ಕಾನೂನಿಗೆ ವಿರುದ್ಧ ಆಗಿರುವುದರಿಂದ ಡಾಕ್ಟರ ಹತ್ತಿರವೂ ಬಾಯಿಬಿಡುವುದಿಲ್ಲ.

ಇಲ್ಲಿ ದೊಡ್ಡ ಸಮಸ್ಯೆ ಜಗಿಯುವುದು. 2016-17ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ಕರ್ನಾಟಕದ ವಯಸ್ಕರಲ್ಲಿ ನೂರಕ್ಕೆ 22.8 ಮಂದಿ ತಂಬಾಕು ಬಳಸುತ್ತಿದ್ದರು. ಸೇದುವವರು 8.8, ಜಗಿಯುವಂಥ ಹೊಗೆರಹಿತ ತಂಬಾಕಿನವರು 16.3, ಎರಡೂ ಇದ್ದವರು ಎರಡೂ ಕಡೆ ಲೆಕ್ಕಕ್ಕೆ ಬಂದಿದ್ದಾರೆ. ಕೊಡಗಿನಲ್ಲಿ, ಬೆಳಗಾವಿ ಕಡೆ, ಸೈನ್ಯಕ್ಕೆ ತಲೆಮಾರುಗಳಿಂದ ಮಕ್ಕಳನ್ನು ಕಳಿಸಿದ ಮನೆಗಳು ಎಷ್ಟೋ ಇವೆ. ಅಂಥ ಮನೆಯ ಹಿರಿಯರು ಅಂಗೈಯಲ್ಲಿ ಸುಣ್ಣ ಹಾಕಿ ತಂಬಾಕು ತಿಕ್ಕುವುದನ್ನು ಹೊಗೆ ಇಲ್ಲವಲ್ಲ ಅಂತ ಎಲ್ಲರೂ ಸಹಿಸಿಕೊಂಡು ಬಿಡುತ್ತಾರೆ. ಆಸ್ಪತ್ರೆಯ ಬೋರ್ಡಿಗೂ ಅದು ಕಾಣುವುದಿಲ್ಲ. ಬಾಯಿಯ ಕ್ಯಾನ್ಸರಿಗೆ ಮಾತ್ರ ಹೊಗೆಯ ಅಗತ್ಯ ಇಲ್ಲ.

ವಿಎ ಪ್ರಕರಣದಿಂದ ನಮ್ಮ ಇಸಿಎಚ್‌ಎಸ್ ಪಾಲಿಕ್ಲಿನಿಕ್‌ಗಳು ತೆಗೆದುಕೊಳ್ಳಬಹುದಾದದ್ದು ಒಂದಿದ್ದರೆ ಅದು ಆ 943 ಜನರ ಪರೀಕ್ಷೆಯ ದಾರಿ. ಬಿಪಿ, ಶುಗರಿಗೆ ಪ್ರತಿ ತಿಂಗಳು ಮಾತ್ರೆ ಬರೆದುಕೊಡುವ ಅದೇ ಡಾಕ್ಟರು ಅದೇ ಕುರ್ಚಿಯಲ್ಲಿ ಕೂತು ತಂಬಾಕಿನ ಬಗ್ಗೆಯೂ ಕೇಳಬೇಕು. ಕೇಳುವಾಗ, "ಇನ್ನೂ ಬಿಟ್ಟಿಲ್ವಾ?" ಅಂತ ಗದರಿಸಿದರೆ ಮಾತು ಅಲ್ಲಿಗೇ ಮುಗಿಯುತ್ತದೆ. "ಸರ್, ಯಾವ ಪೋಸ್ಟಿಂಗ್‌ನಲ್ಲಿ ಶುರುವಾಯ್ತು?" ಅಂತ ಕೇಳಿ ನೋಡಿ. ಹತ್ತು ನಿಮಿಷದ ಕತೆ ಬರುತ್ತದೆ, ಬಿಡಿಸುವ ದಾರಿಯೂ ಅದರೊಳಗೇ ಇರುತ್ತದೆ.

ಮನೆಯಲ್ಲಿ ಅಂಥವರಿದ್ದರೆ 1800-11-2356ಕ್ಕೆ ಫೋನ್ ಮಾಡಿಸಿ. ಇದು ತಂಬಾಕು ಬಿಡುವವರಿಗೆ ಕೇಂದ್ರ ಸರ್ಕಾರದ ಉಚಿತ ಸಹಾಯವಾಣಿ, ಸಿಗರೇಟು ಮತ್ತು ಜಗಿಯುವ ತಂಬಾಕಿನ ಪ್ಯಾಕಿನ ಮೇಲೂ ಅಚ್ಚಾಗಿರುತ್ತದೆ. ದಕ್ಷಿಣದ ಭಾಷೆಗಳ ಕರೆಗಳನ್ನು ಬೆಂಗಳೂರಿನ ನಿಮ್ಹಾನ್ಸ್ ನೋಡಿಕೊಳ್ಳುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಜಗಿಯುವ ತಂಬಾಕಾದರೂ ಸರಿ, ವೇಪ್ ಆದರೂ ಸರಿ, ಇರುವುದನ್ನು ಇದ್ದ ಹಾಗೆ ಹೇಳಲಿ.